ಗಂಟೆ ಎಣಿಸಿದರೆ ಗೀಳು ಅಳೆದಂತಾಗದು



‘ಮಗ ಮೊಬೈಲ್ ಬಿಡ್ತಾನೇ ಇಲ್ಲ, ಏನು ಮಾಡೋದು ಸರ್?’ ಪೋಷಕರ ಸಭೆಗಳಲ್ಲಿ ಇದು ಈಗ ನಿತ್ಯದ ಪ್ರಶ್ನೆ. ಉತ್ತರಿಸುವ ಮೊದಲು ನಾವು ತಿಳಿಯಬೇಕಾದದ್ದೊಂದಿದೆ. ಆ ಹುಡುಗನಿಗೆ ಗೀಳು ಹಿಡಿದಿದೆಯೋ, ಅಥವಾ ಅವನು ಬರೀ ಹೆಚ್ಚು ಹೊತ್ತು ನೋಡುತ್ತಾನೋ? ಇವೆರಡನ್ನು ಬೇರ್ಪಡಿಸಬಲ್ಲ, ನಮ್ಮ ಮಕ್ಕಳಿಗೆ ಹೊಂದುವ ಅಳತೆಗೋಲು ಬೇಕು ಎಂಬುದೇ ಈ ವಿಚಾರ ಸಂಕಿರಣದ ಆಶಯ.

2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಗೇಮಿಂಗ್ ಗೀಳನ್ನು ಕಾಯಿಲೆಯೆಂದು ಗುರುತಿಸಿದೆ. ‘ಸ್ಕ್ರೀನ್ ಗೀಳು’ ಎಂಬ ಕಾಯಿಲೆ ಅದರಲ್ಲಿಲ್ಲ. ಗೇಮಿಂಗ್ ವಿಷಯದಲ್ಲೂ ಅದು ಗಂಟೆಗಳನ್ನು ಲೆಕ್ಕ ಹಾಕುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಓದು, ನಿದ್ದೆ, ಗೆಳೆತನಗಳಿಗಿಂತ ಆಟವೇ ಮೇಲಾಗಿದೆಯೇ, ಕೆಡುಕಾಗುತ್ತಿದೆ ಎಂದು ಗೊತ್ತಿದ್ದರೂ ಮುಂದುವರಿದಿದೆಯೇ ಎಂದು ನೋಡುತ್ತದೆ. ಅದೂ ಸಾಮಾನ್ಯವಾಗಿ 12 ತಿಂಗಳ ಅವಧಿಯಲ್ಲಿ. ಫೋನಿನಲ್ಲಿ ಪಾಠ ಕೇಳಿದ ಎರಡು ಗಂಟೆಯನ್ನೂ ನಿದ್ದೆಗೆಟ್ಟು ರೀಲ್ಸ್ ನೋಡಿದ ಎರಡು ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅಳತೆಗೋಲುಗಳಿಗೆ ಕೊರತೆಯಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1998ರಲ್ಲೇ 20 ಪ್ರಶ್ನೆಗಳ ಇಂಟರ್ನೆಟ್ ಗೀಳು ಪರೀಕ್ಷೆಯನ್ನು ರೂಪಿಸಿದರು. ದಕ್ಷಿಣ ಕೊರಿಯಾದ ಸಂಶೋಧಕರು 2013ರಲ್ಲಿ ಸ್ಮಾರ್ಟ್‌ಫೋನ್ ಗೀಳಿಗೆ 10 ಹೇಳಿಕೆಗಳ ಕಿರು ಮಾಪನ ಕೊಟ್ಟರು. ಗರಿಷ್ಠ ಅಂಕ 60. ಹುಡುಗರಿಗೆ 31, ಹುಡುಗಿಯರಿಗೆ 33 ಎಂಬುದು ಅವರು ಎಳೆದ ಗೆರೆ. ಆದರೆ ಆ ಗೆರೆ ಮೂಡಿದ್ದು ಕೊರಿಯಾದ ಹದಿಹರೆಯದವರ ಉತ್ತರಗಳಿಂದ.

ಆ ಮಾಪನದ ಒಂದು ಹೇಳಿಕೆ ಮಣಿಕಟ್ಟು, ಕತ್ತಿನ ನೋವಿನದು. ದಿನವೂ ಭಾರದ ಚೀಲ ಹೊತ್ತು ಬರುವ ನಮ್ಮ ಏಳನೇ ತರಗತಿಯ ಹುಡುಗಿ ಕತ್ತು ನೋಯುತ್ತದೆ ಎಂದು ಗುರುತು ಹಾಕಿದರೆ ಅದು ಫೋನಿನ ನೋವೇ? ಇನ್ನೊಂದು ಹೇಳಿಕೆ, ಫೋನ್ ಕೈಯಲ್ಲಿಲ್ಲದಾಗಿನ ಚಡಪಡಿಕೆಯದು. ಮನೆಗೆಲ್ಲ ಒಂದೇ ಫೋನ್, ಅದೂ ಹೊಲದಿಂದ ಅಪ್ಪ ಬಂದ ಮೇಲೆ ಅಕ್ಕ-ತಮ್ಮಂದಿರ ಸರದಿ. ಅಂಥ ಮನೆಯ ಮಗು ಇದಕ್ಕೆ ಏನೆಂದು ಬರೆಯಬೇಕು? ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಸಾಲದು. ಕಲಬುರಗಿಯ ಹಳ್ಳಿಯಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಪ್ರಯೋಗಿಸಿ, ವಿಶ್ವಾಸಾರ್ಹತೆ ಪರೀಕ್ಷಿಸಿ, ತಜ್ಞರ ಸಂದರ್ಶನದೊಂದಿಗೆ ಅಂಕಗಳನ್ನು ತಾಳೆ ನೋಡಿ, ನಮ್ಮ ಗೆರೆಯನ್ನು ನಾವೇ ಎಳೆಯಬೇಕು.

ಅಂಕ ಬಂದ ಮೇಲಿನ ಹೊಣೆ ಇನ್ನೂ ದೊಡ್ಡದು. ಪ್ರಶ್ನಾವಳಿ ಮಾಡುವುದು ಪ್ರಾಥಮಿಕ ತಪಾಸಣೆಯನ್ನೇ ಹೊರತು ರೋಗನಿರ್ಣಯವನ್ನಲ್ಲ. ಹೆಚ್ಚು ಅಂಕದ ಹಿಂದೆ ಖಿನ್ನತೆ, ಒಂಟಿತನ, ಮನೆಯ ಜಗಳ ಇರಬಹುದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳಿನ ಚಿಕಿತ್ಸೆಗಾಗಿ ‘ಶಟ್’ ಕ್ಲಿನಿಕ್ ಆರಂಭಿಸಿತು. ಆದರೆ ಎಲ್ಲ ತಾಲ್ಲೂಕಿನ ಮಕ್ಕಳೂ ಅಲ್ಲಿಗೆ ಹೋಗಲಾರರು.

ಆದ್ದರಿಂದ ಸಂಶೋಧಕ ಮಿತ್ರರಲ್ಲಿ ನನ್ನ ವಿನಂತಿ: ಪೋಷಕರ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯನ್ನೂ ಪಡೆಯಿರಿ. ಯಾವ ಮಗುವಿನ ಅಂಕವೂ ತರಗತಿಯಲ್ಲಿ ಬಯಲಾಗದಿರಲಿ. ನೆರವು ಬೇಕಾದ ಮಗುವನ್ನು ಯಾರ ಬಳಿಗೆ ಕಳಿಸುತ್ತೇವೆ ಎಂಬುದನ್ನು ನಿರ್ಧರಿಸಿದ ನಂತರವೇ ಪ್ರಶ್ನಾವಳಿ ಹಂಚಿ.