ಅರ್ಧ ಗಂಟೆ ದೂರದ ಸಾರಸ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



"ನೀನು ಇಂಗ್ಲೆಂಡಿನ ಹಳ್ಳಿಗಾಡಿನಲ್ಲೆಲ್ಲ ಸುತ್ತಾಡಿದ್ದೀಯಲ್ಲ, ಅದರ ಬಗ್ಗೆ ಮಾತಾಡು, ನಾಲ್ಕು ಫೋಟೋ ತೋರಿಸು" ಎಂದು ವೇದಿಕೆಯ ಹಿರಿಯರು ಹೇಳಿದ್ದರು. ಖಂಡಿತ ಮಾತಾಡುತ್ತೇನೆ. ಆದರೆ ಅಲ್ಲಿ ನಾನು ಆಡಿದ ಒಂದು ತಪ್ಪು ಮಾತಿನಿಂದಲೇ ಶುರು ಮಾಡಬೇಕು. ಆ ಮಾತು ನನ್ನನ್ನು ವಾಪಸ್ ಬೋಪಾಲ್‌ಗೇ ತಂದು ನಿಲ್ಲಿಸಿತು. ಬೋಪಾಲ್ ಎಂದರೆ ನಮ್ಮ ಅಹಮದಾಬಾದಿನ ಬೋಪಾಲ್. ಊರಿನ ನೆಂಟರ ಪಾಲಿಗೆ ನಾನು ಇವತ್ತಿಗೂ ಮಧ್ಯಪ್ರದೇಶದಲ್ಲೇ ಇದ್ದೇನೆ! ಇಲ್ಲಿ ಕೂತಿರುವ ಬೋಪಾಲ್‌ನವರಿಗೆಲ್ಲ ಈ ಕಷ್ಟ ಗೊತ್ತು.

ಆಫೀಸಿನ ಕೆಲಸದ ಮೇಲೆ ನಾನು ಕೆಲವು ತಿಂಗಳು ನಾರ್ವಿಚ್‌ನಲ್ಲಿದ್ದೆ. ಇಂಗ್ಲೆಂಡಿನ ಪೂರ್ವ ತುದಿಯ ನಾರ್ಫಕ್ ಸೀಮೆಯ ನಗರ ಅದು. ಶನಿವಾರ, ಭಾನುವಾರ ಮಾಡಲು ಏನೂ ಇರುತ್ತಿರಲಿಲ್ಲ. ಬಟ್ಟೆ ಒಗೆದು, ಊರಿಗೆ ವಿಡಿಯೋ ಕಾಲ್ ಮಾಡಿ ಮುಗಿಸಿದರೆ ಮತ್ತೆ ಒಂಟಿತನ. ಹಾಗಾಗಿ ನಡೆಯಲು ಶುರು ಮಾಡಿದೆ. ಅಲ್ಲಿ ರೈತರ ಹೊಲಗಳ ನಡುವೆಯೂ ಸಾರ್ವಜನಿಕರು ಓಡಾಡಬಹುದಾದ ಕಾಲುದಾರಿಗಳಿವೆ. 1949ರಲ್ಲಿ ಬಂದ ಕಾನೂನು ರಾಷ್ಟ್ರೀಯ ಉದ್ಯಾನ ಮತ್ತು ಪ್ರಕೃತಿ ಮೀಸಲು ತಾಣಗಳ ಜೊತೆಗೆ ಈ ಕಾಲುದಾರಿಗಳ ಗುರುತು ಮಾಡುವ ಕೆಲಸಕ್ಕೂ ದಾರಿ ಮಾಡಿತು. ಒಬ್ಬಳೇ ಹೆಂಗಸು ಬೆನ್ನಿಗೆ ಚೀಲ ಹಾಕಿಕೊಂಡು ಹೊಲದ ಬದುವಿನ ಮೇಲೆ ಹೊರಟರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಷ್ಟು ನಿರಾಳವಾಗಿ ನಾನು ಬೇರೆಲ್ಲೂ ನಡೆದಿರಲಿಲ್ಲ.

ನಾರ್ಫಕ್‌ನ ದೊಡ್ಡ ಆಕರ್ಷಣೆ ಬ್ರಾಡ್ಸ್. ಜೊಂಡು ತುಂಬಿದ ಆಳವಿಲ್ಲದ ಕೆರೆಗಳ ಸಾಲು ಅದು. ಇವು ನಿಸರ್ಗವೇ ಮಾಡಿದ ಕೆರೆಗಳು ಎಂದೇ ಎಲ್ಲರೂ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಸಾಲಾಗಿ ಮಣ್ಣು ಕೊರೆದು ನೋಡಿದಾಗ, ಕೆರೆಗಳ ಅಂಚು ಗೋಡೆಯಂತೆ ನೇರವಾಗಿ ಇಳಿದಿರುವುದು ಕಂಡಿತು. ಅಂದರೆ ಯಾರೋ ಅಗೆದದ್ದು! ಮಧ್ಯಯುಗದಲ್ಲಿ ಜನ ಒಲೆ ಉರಿಸಲು ಜವುಗು ನೆಲದ ಪೀಟ್ ಎಂಬ ಮಣ್ಣನ್ನು ಅಗೆದು ತೆಗೆದಿದ್ದರು. ಆಮೇಲೆ ನೀರಿನ ಮಟ್ಟ ಏರಿ ಆ ಗುಂಡಿಗಳೇ ಕೆರೆಗಳಾದವು. ಇಡೀ ನಾಡಿನ ನಂಬಿಕೆಯನ್ನು ಒಬ್ಬ ಮಹಿಳೆ ಕೆಸರಿನಲ್ಲಿ ನಿಂತು ತಲೆಕೆಳಗು ಮಾಡಿದರು. ನಮ್ಮ ವೇದಿಕೆಯಲ್ಲಿ ಅವರ ಹೆಸರು ಹೇಳದೆ ಹೋದರೆ ತಪ್ಪಾಗುತ್ತದೆ.

ಅಲ್ಲಿನ ಹಿಕ್ಲಿಂಗ್ ಬ್ರಾಡ್ ಎಂಬ ಮೀಸಲು ತಾಣದ ಹತ್ತಿರ ಒಂದು ಹಳೆಯ ಗಾಳಿಗಿರಣಿ ಇದೆ. ಚಳಿಗಾಲದ ಸಂಜೆ ಜನ ಅಲ್ಲಿ ಸುಮ್ಮನೆ ಸಾಲಾಗಿ ನಿಂತು ಜವುಗನ್ನು ನೋಡುತ್ತಾರೆ. ನಾನೂ ನಿಂತೆ. ಕೈ ಮರಗಟ್ಟುವಷ್ಟು ಚಳಿ. ಕತ್ತಲಾಗುವ ಮೊದಲು ದೂರದಲ್ಲಿ ಉದ್ದ ಕತ್ತಿನ ಎರಡು ದೊಡ್ಡ ಹಕ್ಕಿಗಳು ಹಾರಿಹೋದವು. ಪಕ್ಕದಲ್ಲಿದ್ದ ಅಜ್ಜಿ ತಮ್ಮ ದುರ್ಬೀನನ್ನು ನನ್ನ ಕೈಗೆ ಕೊಟ್ಟರು. "ಕ್ರೇನ್" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಎರಡು ಹಕ್ಕಿಗೆ ಇಷ್ಟೊಂದೇ ಎಂದುಕೊಂಡೆ. ಆಮೇಲೆ ಅವರೇ ವಿವರಿಸಿದರು. ಬೇಟೆಯಿಂದ, ಜವುಗು ನೆಲ ಬತ್ತಿಸಿ ಹೊಲ ಮಾಡಿದ್ದರಿಂದ, 1600ರ ಹೊತ್ತಿಗೆ ಈ ಹಕ್ಕಿ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದೇ ನಿಂತುಹೋಯಿತಂತೆ. ಕ್ರ್ಯಾನ್‌ಫೀಲ್ಡ್, ಕ್ರ್ಯಾನ್‌ಬ್ರೂಕ್ ಎಂಬ ಊರ ಹೆಸರುಗಳಲ್ಲಿ ಕ್ರೇನ್ ಉಳಿಯಿತು, ಆಕಾಶದಲ್ಲಿ ಉಳಿಯಲಿಲ್ಲ. 1979ರಲ್ಲಿ ಕೆಲವು ಹಕ್ಕಿಗಳು ತಾವಾಗಿ ನಾರ್ಫಕ್‌ಗೆ ಬಂದು ಇಳಿದವು. ಮುಂದೆ 2010ರಿಂದ 2014ರವರೆಗೆ ಸಾಮರ್ಸೆಟ್ ಸೀಮೆಯಲ್ಲಿ ಬಿಡಲು, ಜರ್ಮನಿಯಿಂದ ಮೊಟ್ಟೆ ತಂದು ಮರಿ ಮಾಡಿಸಿದರು. ಮರಿಗಳಿಗೆ ಮನುಷ್ಯರ ಬಳಕೆಯಾಗಬಾರದೆಂದು ಸಾಕುವವರು ಬೂದು ನಿಲುವಂಗಿ ತೊಟ್ಟು ಕ್ರೇನ್ ವೇಷದಲ್ಲಿ ಉಣಿಸುತ್ತಿದ್ದರು. ಕಳೆದುಕೊಂಡದ್ದನ್ನು ನಾನೂರು ವರ್ಷದ ಮೇಲೆ ಹೀಗೆ ಬೇಡಿ ತಂದುಕೊಂಡರು.

ಇಷ್ಟು ಹೇಳಿ ಅಜ್ಜಿ ಕೇಳಿದರು: "ನಿಮ್ಮ ಊರಿನಲ್ಲಿ ಕ್ರೇನ್ ಇವೆಯಾ?"

ನಾನು "ಇಲ್ಲ" ಎಂದೆ. "ನಮ್ಮದು ಒಣ ಸೀಮೆ, ಬರೀ ಕಟ್ಟಡ" ಎಂದೂ ಸೇರಿಸಿದೆ.

ರೂಮಿಗೆ ಬಂದು ಯಾಕೋ ಅನುಮಾನವಾಗಿ ಹುಡುಕಿದೆ. ಹಾರುವ ಹಕ್ಕಿಗಳಲ್ಲೇ ಜಗತ್ತಿಗೆಲ್ಲ ಎತ್ತರವಾದದ್ದು ಸಾರಸ ಎಂಬ ಕ್ರೇನ್. ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ ನಿಲ್ಲುತ್ತದೆ. ಅದು ಗುಜರಾತಿನಲ್ಲಿದೆ. ಬೋಪಾಲ್‌ನ ನನ್ನ ಫ್ಲ್ಯಾಟಿನಿಂದ ಬೆಳಗ್ಗೆ ಹೊರಟರೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ದೂರದ ಥೋಳ್ ಕೆರೆಯಲ್ಲಿದೆ. ಅದೂ ಸಾಲದೆಂಬಂತೆ, ಅಜ್ಜಿ ಕಣ್ಣೊರೆಸಿಕೊಂಡ ಆ ಕ್ರೇನ್ ಜಾತಿಯ ಹಕ್ಕಿಗಳೇ ಪ್ರತಿ ಚಳಿಗಾಲ ಗುಜರಾತಿಗೆ ವಲಸೆ ಬರುತ್ತವೆ. ಐದು ವರ್ಷ ಬೋಪಾಲ್‌ನಲ್ಲಿದ್ದು ನಾನು "ಇಲ್ಲ" ಎಂದಿದ್ದೆ. ಎಂಟೆಕ್ ಓದಿದ ತಲೆಗೆ ಆ ರಾತ್ರಿ ಬಹಳ ನಾಚಿಕೆಯಾಯಿತು.

ವಾಪಸ್ ಬಂದ ಮೇಲೆ ಮೊದಲು ಹೋದದ್ದು ನಳ ಸರೋವರಕ್ಕೆ. ನೂರಿಪ್ಪತ್ತು ಚದರ ಕಿಲೋಮೀಟರಿನ ಕೆರೆ, 1969ರಿಂದ ಪಕ್ಷಿಧಾಮ, 2012ರಿಂದ ರಾಮ್‌ಸಾರ್ ತಾಣ. 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸಾರ್ ಎಂಬ ಊರಿನಲ್ಲಿ ಜೌಗು ಪ್ರದೇಶಗಳನ್ನು ಉಳಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಆ ಪಟ್ಟಿಗೆ ಸೇರಿದ ತಾಣ ಎಂದು ಅರ್ಥ. ಇಷ್ಟೆಲ್ಲ ಓದಿಕೊಂಡೇ ಹೋಗಿದ್ದೆ. ಆದರೆ ನಾವು ಹೋದದ್ದು ಹೇಗೆ? ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ, ಎರಡು ಕಾರು, ಮಕ್ಕಳು, ಚಿಪ್ಸು, ಸ್ಪೀಕರ್. ದೋಣಿಯಲ್ಲಿ ಕೂತು ಕಡಲಹಕ್ಕಿಗಳಿಗೆ ಗಾಂಠಿಯಾ ಎರಚಿದೆ. ಹಕ್ಕಿಗಳು ತಲೆ ಸುತ್ತ ಮುತ್ತಿಕೊಂಡವು, ಫೋಟೋ ಚೆನ್ನಾಗಿ ಬಂತು, ಸ್ಟೇಟಸ್‌ಗೂ ಹಾಕಿದೆ. ಎಣ್ಣೆಯಲ್ಲಿ ಕರಿದ ಉಪ್ಪಿನ ತಿಂಡಿ ಮೀನು ತಿನ್ನುವ ಹಕ್ಕಿಯ ಆಹಾರವಲ್ಲ ಎಂಬುದು ಹೊಳೆಯಲೇ ಇಲ್ಲ. ದೋಣಿ ನಡೆಸುತ್ತಿದ್ದ ಅಣ್ಣ ದೂರದ ಗುಲಾಬಿ ಗೆರೆಯೊಂದನ್ನು ತೋರಿಸಿ ರಾಜಹಂಸ ಎಂದರು. ನಮ್ಮ ಗಲಾಟೆಗೆ ಆ ಗೆರೆ ಇನ್ನಷ್ಟು ದೂರ ಸರಿಯಿತು. ಆ ಕೆರೆಯ ಸುತ್ತ ಪಢಾರ್ ಸಮುದಾಯದವರ ಹಳ್ಳಿಗಳಿವೆ. ತಲೆಮಾರುಗಳಿಂದ ಈ ನೀರನ್ನೇ ನಂಬಿ ಬದುಕಿದವರು. ಅವರ ಕುಣಿತದಲ್ಲೂ ಹುಟ್ಟು ಹಾಕುವ ಲಯವೇ ಇದೆ. ಅವರ ಮನೆಯಂಗಳಕ್ಕೆ ನಾವು ಹಾಗೆ ನುಗ್ಗಿದ್ದೆವು.

ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಅವ್ವ ಬಂದಳು. ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಲಕ್ಷ್ಮೇಶ್ವರದ ಮನೆಗೆ ಬೀಗ ಹಾಕಿ ಕರೆದುಕೊಂಡು ಬಂದಿದ್ದೆವು. ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವಿರಲಿಲ್ಲ. ಭಾಷೆ ಬಾರದು. ಲಿಫ್ಟಿಗೆ ಹೆದರಿಕೆ. "ಇದು ನಮ್ಮೂರಲ್ಲವಾ, ನನ್ನ ವಾಪಸ್ ಕಳಿಸಿಬಿಡ್ರಿ" ಎಂದು ದಿನಾ ಒಂದೇ ಮಾತು. ಒಂದು ದಿನ, "ಅವ್ವ, ನಾಳೆ ಥೋಳ್ ಕೆರೆಗೆ ಹೋಗೋಣ" ಎಂದೆ.

"ತೋಳನ ಕೆರೀಗೇನs? ತೋಳ ಅದಾವೇನಲ್ಲಿ?" ಎಂದಳು. ತಿಂಗಳ ಮೇಲೆ ಮನೆಯಲ್ಲಿ ಮೊದಲ ಸಲ ಎಲ್ಲರೂ ನಕ್ಕೆವು.

ಐದೂವರೆಗೆ ಹೊರಟೆವು. ರಾಂಚರ್ಡಾ ದಾಟಿದ ಮೇಲೆ ಹೊಲ, ಮಂಜು. ಕೆರೆಯ ಏರಿ ಹತ್ತುತ್ತಿದ್ದಂತೆ ಅವ್ವ ನಿಂತು, "ಇದು ಕಟ್ಟಿಸಿದ ಕೆರೀ" ಎಂದಳು. ನಾನು ಓದಿ ತಿಳಿದದ್ದನ್ನು ಅವಳು ಏರಿ ನೋಡಿಯೇ ಹೇಳಿದಳು. 1912ರಲ್ಲಿ ಗಾಯಕವಾಡರ ಬರೋಡಾ ಸಂಸ್ಥಾನ ನೀರಾವರಿಗಾಗಿ ಕಟ್ಟಿಸಿದ ಕೆರೆ ಅದು. ಸುಮಾರು 7 ಚದರ ಕಿಲೋಮೀಟರು. ಪಕ್ಷಿಧಾಮವಾದದ್ದು 1988ರಲ್ಲಿ, ರಾಮ್‌ಸಾರ್ ಪಟ್ಟಿ ಸೇರಿದ್ದು 2021ರಲ್ಲಿ. ಏರಿಯ ಮೇಲಿನ ಮುಳ್ಳುಗಿಡ ನೋಡಿ, "ಬಳ್ಳಾರಿ ಜಾಲಿ ಇಲ್ಲೂ ಬಂದೈತಲ್ಲ" ಎಂದಳು. ಇಲ್ಲಿನವರು ಅದನ್ನು ಗಾಂಡೋ ಬಾವಳ್, ಅಂದರೆ ಹುಚ್ಚು ಜಾಲಿ ಎನ್ನುತ್ತಾರೆ ಎಂದೆ. "ಹೆಸರು ಬರೋಬ್ಬರಿ ಇಟ್ಟಾರ" ಎಂದಳು.

ಮಂಜು ಸರಿದಂತೆ ಹೆಜ್ಜಾರ್ಲೆಗಳು ಕಂಡವು, ನಾಮದ ಕೋಳಿಗಳ ಹಿಂಡು ಕಂಡಿತು. ಆಮೇಲೆ ದಡದ ಹತ್ತಿರ ಬೂದು ಬಣ್ಣದ ಬಾತುಗಳ ಗುಂಪು. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ. ನಾನು ಫೋನಿನಲ್ಲಿ ಹೆಸರು ಹುಡುಕುತ್ತಿದ್ದೆ. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ಏ, ನೋಡಲ್ಲೆ! ನಮ್ಮ ಮಾಗಡಿ ಕೆರೀ ಹಕ್ಕಿ ಅದಾವಲ್ಲೇ ಇವು!"

ಗದಗ ಜಿಲ್ಲೆಯ ಮಾಗಡಿ ಕೆರೆ ಲಕ್ಷ್ಮೇಶ್ವರಕ್ಕೆ ಹತ್ತಿರ. ಪ್ರತಿ ಚಳಿಗಾಲ ಅಲ್ಲಿಗೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ಹಗಲು ಕೆರೆಯಲ್ಲಿ, ರಾತ್ರಿ ರೈತರ ಹೊಲದಲ್ಲಿ ಮೇವು. "ನಿಮ್ಮಪ್ಪ ಬೈತಿದ್ದರು, ಹೊಡೀತಿರಲಿಲ್ಲ. ಅತಿಥಿ ಇದ್ದಂಗ, ಎರಡು ಕಾಳು ತಿಂದು ಹೋಗ್ಲಿ ಬಿಡು ಅಂತಿದ್ದರು" ಎಂದಳು. ಅಪ್ಪ ಹೋದ ಮೇಲೆ ಅವರ ಬಗ್ಗೆ ಅಳದೆ ಮಾತಾಡಿದ್ದು ಅದೇ ಮೊದಲು. ಆಮೇಲೆ ಬಹಳ ಹೊತ್ತು ಹಕ್ಕಿಗಳನ್ನೇ ನೋಡುತ್ತಾ, "ಇವೂ ಎಲ್ಲಿಂದಲೋ ಬಂದು ಇಲ್ಲಿ ಇರ್ತಾವಲ್ಲ" ಎಂದಳು. ನಾನು ಮಾತಾಡಲಿಲ್ಲ.

ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಅದಕ್ಕೂ ಮೊದಲು, 2022ರಲ್ಲಿ, ನಮ್ಮ ರಂಗನತಿಟ್ಟು ಸೇರಿತ್ತು. ಅಲ್ಲಿನ ನಡುಗಡ್ಡೆಗಳಾದದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ. 1940ರಲ್ಲಿ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು ಪಕ್ಷಿಧಾಮ ಮಾಡಿದರು. ವಡೋದರಾದಿಂದ ಬಂದಿರುವ ಗೆಳತಿಯರಿಗೆ ಹೇಳುತ್ತೇನೆ, ನಿಮ್ಮ ಡಭೋಯಿ ಹತ್ತಿರದ ವಢವಾಣಾ ಕೆರೆಯೂ ಗಾಯಕವಾಡರ ಕಾಲದ ನೀರಾವರಿ ಕೆರೆಯೇ. ನಾರ್ಫಕ್, ಥೋಳ್, ವಢವಾಣಾ, ಮಾಗಡಿ, ರಂಗನತಿಟ್ಟು: ಎಲ್ಲ ಕಡೆ ಮನುಷ್ಯರು ತಮ್ಮ ಹೊಟ್ಟೆಪಾಡಿಗೆ ಮಾಡಿಕೊಂಡ ಜಾಗಕ್ಕೆ ಹಕ್ಕಿ ಬಂದು ಸೇರಿತು. ಪ್ರಕೃತಿ ಎಂದರೆ ನಾವು ಇಲ್ಲದ ಜಾಗ ಎಂದುಕೊಂಡಿದ್ದೆ. ಹಾಗೇನಿಲ್ಲ. ನಾವು ಸ್ವಲ್ಪ ಜಾಗ ಬಿಟ್ಟುಕೊಟ್ಟರೂ ಸಾಕು.

ಬಿಟ್ಟುಕೊಡುವುದು ಎಷ್ಟು ಕಷ್ಟ ಎಂಬುದು ಗೊತ್ತಾದದ್ದು ಮುಂದಿನ ಮಳೆಗಾಲದಲ್ಲಿ. ಥೋಳ್ ಕಡೆಯ ರಸ್ತೆಯಲ್ಲಿ ವೀಕೆಂಡ್ ಮನೆಗೆಂದು ಒಂದು ಪ್ಲಾಟ್ ನೋಡಿ ಟೋಕನ್ ಹಣ ಕೊಟ್ಟಿದ್ದೆವು. ನಮ್ಮ ಮನೆಯವರದು ಎಷ್ಟೋ ವರ್ಷದ ಆಸೆ. ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ನೋಡಲು ಹೋದಾಗ ಪಕ್ಕದ ಭತ್ತದ ಗದ್ದೆಯಲ್ಲಿ ಸಾರಸದ ಜೋಡಿ ನಿಂತಿತ್ತು. ಬೂದು ಮೈ, ಕೆಂಪು ತಲೆ. ನಡುವೆ ಕಂದು ಬಣ್ಣದ ಒಂದು ಮರಿ. ಸಾರಸ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಮಳೆಗಾಲದಲ್ಲಿ ನೀರು ನಿಂತ ಗದ್ದೆಯಲ್ಲೋ ಜೌಗಿನಲ್ಲೋ ಹುಲ್ಲಿನ ಗುಡ್ಡೆ ಮಾಡಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ರೈತ ಅಷ್ಟು ಜಾಗದ ಭತ್ತ ಬಿಟ್ಟುಕೊಟ್ಟರೆ ಮರಿ ಉಳಿಯುತ್ತದೆ. ಖೇಡಾ ಜಿಲ್ಲೆಯಲ್ಲಿ ಹಳ್ಳಿಯವರೇ ಗುಂಪು ಮಾಡಿಕೊಂಡು ಗೂಡು ಕಾಯುತ್ತಾರೆ. ನಾಯಿ, ವಿದ್ಯುತ್ ತಂತಿ, ಬತ್ತುವ ಗದ್ದೆ, ಇವುಗಳ ಜೊತೆಗೆ ಈಗ ನಮ್ಮಂಥವರ ವೀಕೆಂಡ್ ಮನೆಗಳು.

ಆ ಗದ್ದೆಯ ರೈತರನ್ನು, "ಇದು ನಷ್ಟವಲ್ಲವೇ ಕಾಕಾ?" ಎಂದು ಕೇಳಿದೆ. ಅವರು ನಕ್ಕು, ಸಾರಸದ ಜೋಡಿ ಇರುವ ಹೊಲ ಶುಭ ಎಂದರು. ಅಪ್ಪನ ಮಾತೇ ಗುಜರಾತಿಯಲ್ಲಿ ಕೇಳಿದಂತಾಯಿತು.

ಮನೆಯಲ್ಲಿ ಎರಡು ವಾರ ಮಾತು ನಡೆಯಿತು. ಜಗಳವೇ ಎನ್ನಿ. "ನಾವು ಬಿಟ್ಟರೆ ಇನ್ನೊಬ್ಬರು ತಗೋತಾರೆ" ಎಂದರು ಅವರು. ಅದು ನಿಜ ಎಂದು ನನಗೂ ಗೊತ್ತಿತ್ತು. ಕೊನೆಗೆ ಬಿಟ್ಟೆವು. ಟೋಕನ್ ಹಣ ಪೂರ್ತಿ ವಾಪಸ್ ಬರಲಿಲ್ಲ. ಅವರು ಹೇಳಿದಂತೆಯೇ ಆ ಜಾಗವನ್ನು ಬೇರೆಯವರು ತೆಗೆದುಕೊಂಡರು. ಈಗ ಅಲ್ಲಿ ಕಾಂಪೌಂಡ್ ಎದ್ದಿದೆ. ಪಕ್ಕದ ಗದ್ದೆ ಇನ್ನೂ ಇದೆ, ಕಾಕಾ ಇನ್ನೂ ಭತ್ತ ಹಾಕುತ್ತಾರೆ. ನಾನು ಏನೋ ಗೆದ್ದೆ ಎಂದು ಹೇಳಲು ಬಂದಿಲ್ಲ. ಆದರೆ ನಾರ್ಫಕ್‌ನ ಅಜ್ಜಿಗೆ ಹೇಳಿದ ಸುಳ್ಳನ್ನು ನಾನೇ ನಿಜ ಮಾಡಲಿಲ್ಲ ಎಂಬ ಸಮಾಧಾನವಿದೆ.

ಇನ್ನು ನಮ್ಮ ವಿಷಯ. ಹೆಂಗಸರು ಬೆಳಗ್ಗೆ ಐದಕ್ಕೆ ಕೆರೆ ನೋಡಲು ಹೊರಟರೆ ಏಳುವ ಪ್ರಶ್ನೆಗಳು ನನಗೂ ಗೊತ್ತು. ತಿಂಡಿ ಯಾರು ಮಾಡುತ್ತಾರೆ? ಒಬ್ಬರೇ ಹೇಗೆ? ಶೌಚಾಲಯದ ಗತಿ? ಕಳೆದ ಚಳಿಗಾಲ ನಾವು ಎಂಟು ಜನ ಹೋಗಿ ಬಂದೆವು. ಅವಲಕ್ಕಿ ಕಲಸಿ ಡಬ್ಬಿಗೆ ತುಂಬಿದ್ದೆವು. ಹತ್ತು ಗಂಟೆಗೆ ಮನೆಯಲ್ಲಿದ್ದೆವು. ಯಾರ ಮನೆಯೂ ಮುಳುಗಲಿಲ್ಲ. ನೀವೂ ಬನ್ನಿ. ಕಣ್ಣು ಕುಕ್ಕದ ಬಣ್ಣದ ಬಟ್ಟೆ ಹಾಕಿಕೊಳ್ಳಿ, ಕಾಲಿಗೆ ಶೂ ಇರಲಿ. ಎರಡು ಮೂರು ಮನೆಗೆ ಒಂದು ದುರ್ಬೀನು ಸಾಕು. ಗಾಂಠಿಯಾ ನಾವು ತಿನ್ನೋಣ, ಹಕ್ಕಿಗೆ ಬೇಡ. ಮುಖ್ಯವಾಗಿ ಮನೆಯಲ್ಲಿರುವ ಅವ್ವ, ಅತ್ತೆಯರನ್ನು ಕರೆತನ್ನಿ. ನಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಅವ್ವ ಈಗ ಲಕ್ಷ್ಮೇಶ್ವರದಲ್ಲಿದ್ದಾಳೆ. ದೀಪಾವಳಿಯ ನಂತರ ಒಂದು ದಿನ ಫೋನ್ ಮಾಡಿ, "ಇಲ್ಲಿ ಬಂದಾವು. ಅಲ್ಲಿ ಬಂದಾವೇನು ನೋಡಿ ಹೇಳು" ಎನ್ನುತ್ತಾಳೆ. ಆ ಭಾನುವಾರ ನಾನು ಥೋಳ್‌ಗೆ ಹೋಗುತ್ತೇನೆ. ಕಾರಿನಲ್ಲಿ ಇನ್ನೂ ಮೂರು ಸೀಟಿವೆ.