ಮೊದಲು ಬೇಡಿಕೆ, ಆಮೇಲೆ ಯಂತ್ರ

ಬೆಂಗಳೂರಿನ ನಗರ್ತಪೇಟೆಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕಾಳಮ್ಮನ ಗುಡಿ ಇರುವ ಈ ಪೇಟೆಯ ಓಣಿಗಳಲ್ಲಿ ಅಕ್ಕಸಾಲಿಗರ ಸಣ್ಣ ಸಣ್ಣ ಕೊಠಡಿಗಳಿವೆ. ಅಲ್ಲಿಗೆ ಬಳೆ ಮಾಡಿಸಲು ಹೋದರೆ ಅಕ್ಕಸಾಲಿಗ ಮೊದಲು ಕೈ ಅಳತೆ ತೆಗೆದುಕೊಳ್ಳುತ್ತಾನೆ. ನೀವು ಕೊಟ್ಟ ಚಿನ್ನವನ್ನು ನಿಮ್ಮೆದುರಿಗೇ ತೂಗಿ, ತೂಕ ಎಷ್ಟು, ಮಜೂರಿ ಎಷ್ಟು, ಕೊಡುವ ದಿನ ಯಾವುದು ಎಂದು ಚೀಟಿಯಲ್ಲಿ ಬರೆದುಕೊಡುತ್ತಾನೆ. ಬಳೆ ಮಾಡಿಟ್ಟು ಗಿರಾಕಿಗಾಗಿ ಕಾಯುವ ಗೋಜು ಅವನಿಗಿಲ್ಲ. ಗಿರಾಕಿ ಬಂದ ಮೇಲೆಯೇ ಕುಲುಮೆಗೆ ಬೆಂಕಿ.

ಇಲ್ಲಿಂದ ಕೂಗಳತೆಯ ದೂರದಲ್ಲಿ ಎಸ್.ಪಿ. ರಸ್ತೆ ಇದೆ. 1990ರ ದಶಕದಲ್ಲಿ ಈ ರಸ್ತೆ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯೆಂದು ಹೆಸರಾಯಿತು. ಇಂದಿಗೂ ಆ ಹೆಸರು ಉಳಿದಿದೆ. ಇಲ್ಲಿಯ ವ್ಯವಹಾರವೂ ಅಕ್ಕಸಾಲಿಗನ ವ್ಯವಹಾರದಂತೆಯೇ. ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಎಂದು ನೀವು ಹೇಳಬೇಕು. ಅಂಗಡಿಯವರು ಕೊಟೇಶನ್ ಬರೆಯುತ್ತಾರೆ. ನೀವು ಮುಂಗಡ ಕೊಟ್ಟ ಮೇಲೆ ಹುಡುಗನೊಬ್ಬ ನಾಲ್ಕು ಅಂಗಡಿ ಓಡಾಡಿ ಭಾಗಗಳನ್ನು ತರುತ್ತಾನೆ. ಸಂಜೆಯ ವೇಳೆಗೆ ಯಂತ್ರ ಸಿದ್ಧ. ಇದನ್ನೇ ನಾವು ಅಸೆಂಬಲ್ಡ್ ಕಂಪ್ಯೂಟರ್ ಎಂದು ಕರೆಯುತ್ತೇವೆ.

ಇದು ಹೇಗೆ ಸಾಧ್ಯವಾಯಿತು? 1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಭಾಗಗಳನ್ನೆಲ್ಲ ತಾನೇ ತಯಾರಿಸಲಿಲ್ಲ. ಪ್ರೊಸೆಸರ್ ಇಂಟೆಲ್ ಕಂಪನಿಯದು, ಯಂತ್ರವನ್ನು ನಡೆಸುವ ತಂತ್ರಾಂಶ ಮೈಕ್ರೋಸಾಫ್ಟ್‌ನದು. ಅದರ ರಚನೆಯ ವಿವರಗಳೂ ಬಹುಮಟ್ಟಿಗೆ ಬಹಿರಂಗವಾಗಿದ್ದವು. ಹೀಗಾಗಿ ಅದೇ ಬಗೆಯ ಯಂತ್ರವನ್ನು ಬೇರೆಯವರೂ ಜೋಡಿಸತೊಡಗಿದರು. ಒಬ್ಬರ ಮದರ್‌ಬೋರ್ಡಿಗೆ ಇನ್ನೊಬ್ಬರ ಡಿಸ್ಕ್ ಹೊಂದಿಕೊಳ್ಳುವಂತಾಯಿತು. ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಗೂ ಅಮೆರಿಕದ ದೊಡ್ಡ ಕಾರ್ಖಾನೆಗೂ ಬೇಕಾದ ಸಾಮಗ್ರಿ ಒಂದೇ ಆಯಿತು.

ಅಮೆರಿಕದಲ್ಲಿ ಈ ಪದ್ಧತಿಯನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಮೈಕೆಲ್ ಡೆಲ್. 1984ರಲ್ಲಿ, ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಒಂದು ಸಾವಿರ ಡಾಲರ್ ಬಂಡವಾಳದಿಂದ ಅವರು ವ್ಯಾಪಾರ ಆರಂಭಿಸಿದರು. ನಡುವೆ ಅಂಗಡಿಯವರಿಲ್ಲ. ಗಿರಾಕಿ ದೂರವಾಣಿಯಲ್ಲಿ ತನಗೆ ಬೇಕಾದುದನ್ನು ಹೇಳಿದರೆ ಅದರಂತೆ ಯಂತ್ರ ಜೋಡಿಸಿ ಮನೆಗೆ ಕಳಿಸುವುದು. 1996ರಿಂದ ಅಂತರಜಾಲದಲ್ಲಿಯೂ ಮಾರಾಟ ನಡೆಯಿತು.

ಇದರ ಗುಟ್ಟು ಇರುವುದು ದಾಸ್ತಾನಿನಲ್ಲಿ. ಕಂಪ್ಯೂಟರಿನ ಭಾಗಗಳು ಬೇಳೆಕಾಳಿನಂತಲ್ಲ, ಸೊಪ್ಪಿನಂತೆ. ಇಂದು ಕೊಂಡ ಪ್ರೊಸೆಸರಿಗಿಂತ ವೇಗವಾದದ್ದು ಕೆಲವೇ ತಿಂಗಳಲ್ಲಿ ಬಂದರೆ ಹಳೆಯದರ ಬೆಲೆ ಇಳಿಯುತ್ತದೆ. ನೂರು ಯಂತ್ರಗಳನ್ನು ಮೊದಲೇ ಮಾಡಿ ಉಗ್ರಾಣದಲ್ಲಿಟ್ಟವನಿಗೆ ನಷ್ಟ. ಬೇಡಿಕೆ ಬಂದ ಮೇಲೆ ಜೋಡಿಸುವವನಿಗೆ ಆ ಭಯವಿಲ್ಲ. 1990ರ ದಶಕದ ಕೊನೆಯ ವೇಳೆಗೆ ಡೆಲ್ ಕಂಪನಿಯ ಬಳಿ ಇರುತ್ತಿದ್ದ ದಾಸ್ತಾನು ಸುಮಾರು ಒಂದು ವಾರಕ್ಕಾಗುವಷ್ಟು ಮಾತ್ರ. ಗಿರಾಕಿಯ ಹಣ ಮೊದಲು ಕೈಸೇರುತ್ತಿತ್ತು, ಭಾಗಗಳನ್ನು ಒದಗಿಸಿದವರಿಗೆ ಹಣ ಕೊಡುವುದು ಆಮೇಲೆ. ಅಂದರೆ ಗಿರಾಕಿಯ ಹಣದಲ್ಲಿಯೇ ಕಾರ್ಖಾನೆ ನಡೆಯುತ್ತಿತ್ತು! ನಮ್ಮ ಎಸ್.ಪಿ. ರಸ್ತೆಯ ಅಂಗಡಿಯವರು ಪಕ್ಕದ ಅಂಗಡಿಯಿಂದ ಮೆಮೊರಿ ತರಿಸಿ ಸಂಜೆ ಲೆಕ್ಕ ಚುಕ್ತಾ ಮಾಡುವುದೂ ಇದೇ ಉಪಾಯವಲ್ಲವೆ?

ಹಾಗಾದರೆ ಇವೆರಡಕ್ಕೂ ವ್ಯತ್ಯಾಸವೇ ಇಲ್ಲವೆ? ಇದೆ. ಅದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಮನೆಯಲ್ಲೇ ಕಲಿತೆ.

1997ರಲ್ಲಿ ನನ್ನ ತಂಗಿ ಮನೆಯಲ್ಲೇ ಡಿ.ಟಿ.ಪಿ. ಕೆಲಸ ಆರಂಭಿಸಿದಳು. ಮದುವೆಯ ಕರೆಯೋಲೆಗಳ ಅಕ್ಷರ ಜೋಡಣೆ ಅವಳ ಮುಖ್ಯ ಕೆಲಸ. ಎರಡು ಬಳೆ ಗಿರವಿ ಇಟ್ಟು ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಮಾಡಿಸಿದೆವು. ದರ ಕಡಿಮೆಯೆಂದು ಚೌಕಾಸಿ ಮಾಡಿ ತಂದವನು ನಾನೇ. ಐದನೆಯ ತಿಂಗಳು, ಮದುವೆಯ ಕಾಲದಲ್ಲಿಯೇ, ಹಾರ್ಡ್ ಡಿಸ್ಕ್ ಕೆಟ್ಟಿತು. ಅಂಗಡಿಯವರು ವಿತರಕರತ್ತ ಕೈ ತೋರಿಸಿದರು. ವಿತರಕರು ಬಿಲ್ಲು ನೋಡಿ, ಇದರಲ್ಲಿ ಡಿಸ್ಕಿನ ಕ್ರಮಸಂಖ್ಯೆಯೇ ಇಲ್ಲವಲ್ಲ, ಇದು ನಮ್ಮ ಮಾಲೆಂದು ಹೇಗೆ ನಂಬುವುದು ಎಂದರು. ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ಕಂಪ್ಯೂಟರ್ ಒಂದು. ಜೋಡಿಸಿಟ್ಟಿದ್ದ ಕರೆಯೋಲೆಗಳೆಲ್ಲ ಹೋದವು. ಹೊಸ ಡಿಸ್ಕಿಗೆ ಮತ್ತೆ ಹಣ ಹೊಂದಿಸಬೇಕಾಯಿತು. ಬಳೆ ಬಿಡಿಸಿಕೊಳ್ಳುವುದು ಒಂದು ವರ್ಷ ಮುಂದೆ ಹೋಯಿತು. ಬಳೆಗೆ ಅಕ್ಕಸಾಲಿಗ ಕೊಟ್ಟಿದ್ದ ಚೀಟಿಯನ್ನು ನಮ್ಮ ತಾಯಿ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದರು. ಅದರಲ್ಲಿ ತೂಕ ಸಹಿತ ಎಲ್ಲವೂ ಇತ್ತು. ಅಂಥದೊಂದು ಚೀಟಿಯನ್ನು ಕಂಪ್ಯೂಟರಿಗೆ ಕೇಳಿ ಪಡೆಯಬೇಕೆಂದು ನನಗೆ ತೋಚಿರಲಿಲ್ಲ.

ವ್ಯತ್ಯಾಸ ಇರುವುದು ಇಲ್ಲಿ. ಕಂಪನಿಯಿಂದ ನೇರವಾಗಿ ಕೊಂಡ ಯಂತ್ರಕ್ಕೆ ಜವಾಬ್ದಾರಿ ಒಬ್ಬರದೇ. ಯಾವ ಭಾಗ ಕೆಟ್ಟರೂ ಕೇಳಬೇಕಾದ ವಿಳಾಸ ಒಂದೇ. ಅದಕ್ಕಾಗಿ ಕಂಪನಿಗಳು ಸೇವಾ ಕೇಂದ್ರಗಳನ್ನು ನಡೆಸಬೇಕಾಗುತ್ತದೆ. ಡೆಲ್ ಕಂಪನಿ 2001ರಲ್ಲಿ ಅಂಥ ದೂರವಾಣಿ ಕೇಂದ್ರವೊಂದನ್ನು ನಮ್ಮ ಬೆಂಗಳೂರಿನಲ್ಲಿಯೇ ತೆರೆಯಿತು. ಅಸೆಂಬಲ್ಡ್ ಯಂತ್ರದಲ್ಲಿಯಾದರೋ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಒಡೆಯ. ಬೆಲೆಯಲ್ಲಿ ಉಳಿಯುವ ಹಣದ ಒಂದು ಪಾಲು ಈ ಹೊಣೆಯ ಬೆಲೆ. ಆ ಹೊಣೆಯನ್ನು ನೀವು ಹೊತ್ತಿದ್ದೀರಿ ಎಂಬುದನ್ನು ಮರೆಯಬಾರದು.

ನೇರ ಮಾರಾಟವೂ ಎಲ್ಲ ಕಾಲಕ್ಕೂ ಗೆಲ್ಲಲಿಲ್ಲ. ಲ್ಯಾಪ್‌ಟಾಪ್ ಬಂದ ಮೇಲೆ ಜನ ಕಣ್ಣಾರೆ ನೋಡಿ, ಎತ್ತಿ ತೂಕ ನೋಡಿ, ಅಂದೇ ಮನೆಗೊಯ್ಯಲು ಬಯಸಿದರು. 2007ರಲ್ಲಿ ಡೆಲ್ ಕೂಡ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಿಗೆ ತನ್ನ ಯಂತ್ರಗಳನ್ನು ಕಳಿಸಿತು. ಅದೇ ವರ್ಷ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಆದರೂ ಚಲನಚಿತ್ರ ಸಂಕಲನ ಮಾಡುವವರು, ಕಂಪ್ಯೂಟರ್ ಆಟಗಳಲ್ಲಿ ಆಸಕ್ತಿಯುಳ್ಳ ಯುವಕರು ಈಗಲೂ ಎಸ್.ಪಿ. ರಸ್ತೆಗೆ ಪಟ್ಟಿ ಹಿಡಿದು ಬರುತ್ತಾರೆ. ತಮಗೆ ಏನು ಬೇಕೆಂದು ಅವರಿಗೆ ಖಚಿತವಾಗಿ ಗೊತ್ತು.

ಆದ್ದರಿಂದ ನೀವು ಯಂತ್ರ ಮಾಡಿಸುವವರಾದರೆ ಮೊದಲು ನಿಮ್ಮ ಕೆಲಸವೇನೆಂದು ನಿರ್ಧರಿಸಿ, ಭಾಗಗಳನ್ನು ಆಮೇಲೆ ಆರಿಸಿ. ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಹೆಸರು, ಮಾದರಿ, ಕ್ರಮಸಂಖ್ಯೆ, ವಾರಂಟಿಯ ಅವಧಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಕೆಟ್ಟರೆ ವಿತರಕರ ಬಳಿಗೆ ಹೋಗಬೇಕಾದವರು ಅಂಗಡಿಯವರೋ ನೀವೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ. ಸಂಖ್ಯೆಗಳನ್ನು ಭಾಗಗಳ ಮೇಲಿನ ಸಂಖ್ಯೆಯೊಡನೆ ನೀವೇ ತಾಳೆ ನೋಡಿ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಅದನ್ನು ಕೇಳಲು ಸಂಕೋಚವೇಕೆ? ಇನ್ನು ನಿಮ್ಮ ಕೆಲಸದ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದನ್ನು ಮರೆಯಬೇಡಿ. ಕೆಟ್ಟ ಡಿಸ್ಕಿಗೆ ಬದಲಿ ಸಿಗಬಹುದು, ಅದರೊಳಗೆ ಇದ್ದದ್ದಕ್ಕೆ ಸಿಗುವುದಿಲ್ಲ.

ತಂಗಿಯ ಎರಡನೆಯ ಕಂಪ್ಯೂಟರನ್ನೂ ಎಸ್.ಪಿ. ರಸ್ತೆಯಲ್ಲಿಯೇ ಮಾಡಿಸಿದೆವು. ಈ ಸಲ ಚೌಕಾಸಿ ಮಾಡಿದವಳು ಅವಳು. ಬೆಲೆಯ ಮಾತು ಮುಗಿದ ಮೇಲೆ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು, ಒಂದೊಂದು ಸಂಖ್ಯೆಯನ್ನೂ ಓದಿ ಬರೆಸಿದಳು. ಆ ಬಿಲ್ಲು ಇಂದಿಗೂ ತಾಯಿಯ ಪೆಟ್ಟಿಗೆಯಲ್ಲಿ, ಬಳೆಯ ಚೀಟಿಯ ಜೊತೆಗೇ ಇದೆ.