ಹೊಸ ತಂಡಕ್ಕೆ ಬಂದ ಹುಡುಗ

(ಚಾಕಣದ ನಮ್ಮ ವಾಚನಾಲಯದಲ್ಲಿ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಾಲ್ಚೆಂಡಾಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ನಾವು ಆಟಗಾರರಲ್ಲ. ಪತ್ರಿಕೆ ಬಂದ ಕೂಡಲೆ ಆಟದ ಪುಟವನ್ನು ತೆರೆದು, ಅಗ್ರಲೇಖವನ್ನು ನಾಳೆಗೆ ಬಿಡುವ ಜಾತಿಯವರು. ಅಷ್ಟು ಅರ್ಹತೆಯಿಂದಲೇ ಮಾತನಾಡಲು ನಿಂತಿದ್ದೇವೆ. ತಪ್ಪಿದ್ದರೆ ಮೈದಾನದಲ್ಲಿ ಮಂಡಿ ಕೆತ್ತಿಸಿಕೊಂಡವರು ತಿದ್ದಬೇಕು.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕಳೆದ ಮಳೆಗಾಲದಲ್ಲಿ ರಾಯಚೂರಿನ ಕಡೆಯ ಒಬ್ಬ ಹುಡುಗ ಇಲ್ಲಿಯ ಒಂದು ಕಾರಖಾನೆಗೆ ಟ್ರೇನಿಯಾಗಿ ಬಂದಿದ್ದ. ವಾಚನಾಲಯಕ್ಕೆ ತಪ್ಪದೆ ಬರುತ್ತಿದ್ದ. ನಮಗೆ ಒಂದು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಯಲ್ಲಿ ಆಟದ ಪುಟವನ್ನು ಮಾತ್ರ ಓದಿ, ನೀಟಾಗಿ ಮಡಿಸಿಟ್ಟು, ವಹಿಯಲ್ಲಿ ಸಹಿ ಹಾಕಿ ಹೋಗುತ್ತಿದ್ದ. ಕಾಲೇಜು ತಂಡದಲ್ಲಿ ಎಡಗಡೆಯ ಮುಂಚೂಣಿಯಲ್ಲಿ ಆಡಿದವನೆಂದು ಹೇಗೋ ತಿಳಿದು, ನಮ್ಮ ಹುಡುಗರು ಒಂದು ಭಾನುವಾರ ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ನಾವೂ ಕಟ್ಟೆಯ ಮೇಲೆ ಕುಳಿತಿದ್ದೆವು. ಹುಡುಗನ ಕಾಲು ಚೆನ್ನಾಗಿತ್ತು, ಓಟ ಚೆನ್ನಾಗಿತ್ತು. ಆದರೆ ಆ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರಾಠಿ ಹುಡುಗರು. ಒಬ್ಬ "ಸೋಡ್" ಎಂದು ಕೂಗಿದ. ಬಿಡಬೇಕಾಗಿದ್ದ ಚೆಂಡನ್ನು ಇವನು ಹಿಡಿದ. ಇನ್ನೊಬ್ಬ "ಮಾಗೆ, ಮಾಗೆ" ಎಂದು ಒದರಿದ. ಹಿಂದಿನಿಂದ ಬಂದವನು ಚೆಂಡು ಕಸಿದುಕೊಂಡು ಹೋದ. ಎರಡು ಸಲ ಹೀಗಾಯಿತು. ಆಮೇಲೆ ಅವನ ಕಡೆಗೆ ಚೆಂಡು ಹೋಗಲೇ ಇಲ್ಲ. ಬೇಕೆಂದು ಮಾಡಿದವರು ಯಾರೂ ಅಲ್ಲ. ಆಟದ ಭರದಲ್ಲಿ ನಂಬಿಕೆಯಿದ್ದವನಿಗೆ ಚೆಂಡು ಹೋಗುತ್ತದೆ, ಅಷ್ಟೆ. ಮೂರನೆಯ ಭಾನುವಾರ ಅವನು ಮೈದಾನಕ್ಕೆ ಬರಲಿಲ್ಲ. ದಸರೆಗೆ ಊರಿಗೆ ಹೋದವನು ಚಾಕಣಕ್ಕೂ ಬರಲಿಲ್ಲ. ವಹಿಯನ್ನು ತೆರೆದು ನೋಡಿದೆವು. ಅವನ ಸಹಿ ನಲವತ್ತೊಂದು ಕಡೆ ಇದೆ. "ರಾಯಚೂರಿನ ಕಡೆ" ಎಂದೆವಲ್ಲ, ಆ ಕಡೆ ಎಂದರೆ ಯಾವ ಊರು ಎಂದು ಕೇಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಅದಿರಲಿ. ಚಿಕ್ಕ ತಂಡದಿಂದ ದೊಡ್ಡ ತಂಡಕ್ಕೆ, ತನ್ನ ಸೀಮೆಯಿಂದ ಪರಸೀಮೆಗೆ ಹೋದ ಆಟಗಾರನ ಗತಿ ಏನಾಗುತ್ತದೆಂಬುದನ್ನು ನೋಡಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನ ಅಹಮದ್ ಖಾನರಿದ್ದರು. 1926ರಲ್ಲಿ ಹುಟ್ಟಿದವರು, 2017ರ ಆಗಸ್ಟಿನಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ, ಬೆಂಗಳೂರಿನಲ್ಲೇ ತೀರಿಕೊಂಡರು. ಈಗಿನ ಹುಡುಗರಲ್ಲಿ ಅವರ ಹೆಸರು ಕೇಳಿದವರು ಕೈ ಎತ್ತಿರಿ ಎಂದರೆ ನಮ್ಮ ಮಾನವೇ ಹೋದೀತು.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬಿಳಿಯ ಸಿಪಾಯಿಗಳ ಆಟವನ್ನು ನೋಡಿ ನೋಡಿ ನಮ್ಮ ಹುಡುಗರು ಕಲಿತರು. ಬೂಟು ಕೊಳ್ಳಲು ಹಣವಿಲ್ಲದೆ ಬರಿಗಾಲಿನಲ್ಲಿ ಕಲಿತರು. ಹಾಗೆ ಕಲಿತವರ ತಂಡವಾದ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬಯಿಗೆ ಬಂದು ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. 1938ರಲ್ಲಿ ಮತ್ತೆ ಬಂದು ಮತ್ತೆ ಗೆದ್ದಿತು. ಅಹಮದ್ ಖಾನರು ಮೊದಲು ಬೆಂಗಳೂರು ಕ್ರೆಸೆಂಟ್ಸ್, ಆಮೇಲೆ ಅದೇ ಮುಸ್ಲಿಮ್ಸ್ ತಂಡಕ್ಕೆ ಆಡಿದರು. 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅವರಿದ್ದರು. ಅಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿ, ಸಿಕ್ಕಿದ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡು, ಎರಡಕ್ಕೆ ಒಂದರಿಂದ ಸೋತರು. ಭಾರತದ ಆ ಒಂದು ಗೋಲು ಬೆಂಗಳೂರಿನ ರಾಮನ್ ಹೊಡೆದುದು.

ಮರುವರ್ಷ, 1949ರಲ್ಲಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಅಹಮದ್ ಖಾನರನ್ನು ಕರೆಸಿಕೊಂಡಿತು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಒಂದೇ ದೇಶವಲ್ಲವೆ, ಪರದೇಶವೆಂದೇಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ಆ ಕಾಲದಲ್ಲಿ ಬೆಂಗಳೂರಿನ ಹುಡುಗ ಕಲ್ಕತ್ತೆಗೆ ಹೋಗುವುದೆಂದರೆ ಮದ್ರಾಸಿಗೆ ಹೋಗಿ, ಅಲ್ಲಿಂದ ಹೌರಾ ಮೆಯಿಲು ಹತ್ತಿ, ಪೂರ್ವ ಕರಾವಳಿಯುದ್ದಕ್ಕೂ ಪ್ರಯಾಣ ಮಾಡುವುದು. ದಂಡಿನ ಪ್ರದೇಶದ ಹುಡುಗರ ನಾಲಗೆಯ ಮೇಲೆ ಉರ್ದು, ತಮಿಳು, ಕನ್ನಡ ಮೂರೂ ಬೆರೆತು ಕುಣಿಯುತ್ತಿದ್ದವು, ಬಂಗಾಳಿ ಇರಲಿಲ್ಲ. ಊಟ ಬೇರೆ, ಸಾಸಿವೆ ಎಣ್ಣೆಯ ವಾಸನೆ ಬೇರೆ. ಕಲ್ಕತ್ತೆಯ ಲೀಗು ನಡೆಯುವುದು ಮಳೆಗಾಲದಲ್ಲಿ. ಬೆಂಗಳೂರಿನ ಗಟ್ಟಿ ನೆಲದಲ್ಲಿ ಪುಟಿದ ಚೆಂಡು ಅಲ್ಲಿಯ ಕೆಸರಿನಲ್ಲಿ ಸತ್ತು ಬೀಳುತ್ತದೆ. ಇನ್ನು ಪ್ರೇಕ್ಷಕರು! ಗೆದ್ದ ದಿನ ಹೆಗಲ ಮೇಲೆ, ಸೋತ ದಿನ ಹೊರಗೆ ಕಾಲಿಡುವಂತಿಲ್ಲ.

ಆದರೂ ಅವರು ಬೇರೂರಿದರು. ಹೇಗೆಂಬುದೇ ನಮಗೆ ಮುಖ್ಯವಾದ ಪ್ರಶ್ನೆ. ಕಾಲಿನ ಚಳಕವೇನೋ ಇತ್ತು. ಅವರ ಕಾಲು ಚೆಂಡನ್ನು ಆಡಿಸುವ ರೀತಿಗೆ ಜನ ಅವರನ್ನು ಹಾವಾಡಿಗನೆಂದೇ ಕರೆದರು. ಆದರೆ ನಮ್ಮ ರಾಯಚೂರಿನ ಹುಡುಗನಿಗೂ ಕಾಲಿತ್ತಲ್ಲ! ಅಹಮದ್ ಖಾನರಿಗೆ ಇದ್ದ ಇನ್ನೊಂದು ಭಾಗ್ಯವೆಂದರೆ ಜೊತೆ. ಆ ತಂಡದ ಕಾರ್ಯದರ್ಶಿ ಜ್ಯೋತಿಷ್ ಗುಹ ಎಂಬವರು ಒಬ್ಬ ದಕ್ಷಿಣದವನನ್ನು ತಂದು ಒಂಟಿಯಾಗಿ ಬಿಡಲಿಲ್ಲ. ಆಂಧ್ರದ ಅಪ್ಪಾರಾವ್, ಕೇರಳದ ಸಾಲೆ, ಬೆಂಗಳೂರಿನವರೇ ಆದ ಧನರಾಜ್, ಅವರೊಡನೆ ವೆಂಕಟೇಶ್ ಮತ್ತು ಅಹಮದ್ ಖಾನ್, ಹೀಗೆ ಮುಂಚೂಣಿಯ ಐದು ಸ್ಥಾನಗಳಲ್ಲೂ ದಕ್ಷಿಣದವರು ಕೂಡಿಬಂದರು. ಬಂಗಾಳದ ಜನ ಅವರಿಗೆ ಪಂಚಪಾಂಡವರೆಂದು ಹೆಸರಿಟ್ಟರು. ಅಪ್ಪಾರಾವ್ ಮತ್ತು ಸಾಲೆ ಇಬ್ಬರೂ ಮೊದಲೇ ಅಲ್ಲಿ ಕೆಲವು ವರ್ಷ ಆಡಿ ಪಳಗಿದ್ದವರು. ಯಾವ ಎದುರಾಳಿ ಹೇಗೆ ಒದೆಯುತ್ತಾನೆ, ಯಾವ ಹೋಟೆಲಿನಲ್ಲಿ ಅನ್ನ ಬಾಯಿಗೆ ಹೋಗುತ್ತದೆ ಎಂಬ ಎರಡು ವಿದ್ಯೆಯೂ ಹೊಸಬನಿಗೆ ಇಂಥ ಹಿರಿಯರಿಂದಲೇ ಬರಬೇಕು. 1949ರಲ್ಲಿ ಈಸ್ಟ್ ಬೆಂಗಾಲ್ ಲೀಗು, ಐ.ಎಫ್.ಎ. ಶೀಲ್ಡು, ರೋವರ್ಸ್ ಕಪ್ಪು ಮೂರನ್ನೂ ಗೆದ್ದಿತು. ಶೀಲ್ಡಂತೂ 1951ರ ವರೆಗೆ ಮೂರು ವರ್ಷ ಅವರ ಮನೆ ಬಿಟ್ಟು ಕದಲಲಿಲ್ಲ.

ಇನ್ನೊಂದು ಸಂಗತಿಯನ್ನು ಯೋಚಿಸಿದಷ್ಟೂ ನಮ್ಮ ಮನಸ್ಸು ತುಂಬುತ್ತದೆ. ಈಸ್ಟ್ ಬೆಂಗಾಲ್ 1920ರಲ್ಲಿ ಪೂರ್ವ ಬಂಗಾಳದವರು ಕಲ್ಕತ್ತೆಯಲ್ಲಿ ಕಟ್ಟಿಕೊಂಡ ತಂಡ. 1947ರಲ್ಲಿ ದೇಶ ಇಬ್ಭಾಗವಾದ ಮೇಲೆ ಆ ಸೀಮೆಯಿಂದ ಮನೆ ಮಠ ಕಳೆದುಕೊಂಡು ಬಂದ ನಿರಾಶ್ರಿತರು ಲಕ್ಷಗಟ್ಟಲೆ. ಅವರಲ್ಲಿ ಬಹಳ ಮಂದಿಗೆ ಕಲ್ಕತ್ತೆಯಲ್ಲಿ ತಮ್ಮದೆಂದು ಹೇಳಿಕೊಳ್ಳಲು ಉಳಿದಿದ್ದುದು ಈ ತಂಡವೊಂದೇ. ಅಂಥ ಜನ, ತಮ್ಮ ಮಾತು ಬಾರದ, ತಮ್ಮ ಸೀಮೆಯವರಲ್ಲದ ಐವರಿಗೆ ತಮ್ಮ ಕೆಂಪು ಹಳದಿ ಅಂಗಿಯನ್ನು ತೊಡಿಸಿ ಎದೆಗೆ ಅಪ್ಪಿಕೊಂಡರು. ನೆಲೆ ತಪ್ಪಿದವನ ಕಷ್ಟ ನೆಲೆ ತಪ್ಪಿದವನಿಗೆ ಬೇಗ ತಿಳಿಯುತ್ತದೆಯೋ ಏನೋ. ಚಾಕಣದಲ್ಲಿ ಕುಳಿತು ಈ ಮಾತನ್ನು ಆಡುವಾಗ ನಮಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದವರು ನಮ್ಮನ್ನು ಹತ್ತಕ್ಕೆ ಒಂದರಿಂದ ಸೋಲಿಸಿದರು. ಆ ಒಂದು ಅಹಮದ್ ಖಾನರದು. ಚಳಿ ನೆಲದಲ್ಲಿ ಬರಿಗಾಲಿನ ಆಟ ನಡೆಯದೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು; ಬೂಟು ಕಡ್ಡಾಯವೆಂಬ ನಿಯಮ ಬಂದಿತು. ಹುಟ್ಟಿನಿಂದ ಬರಿಗಾಲಿನಲ್ಲಿ ಚೆಂಡಿನೊಡನೆ ಮಾತನಾಡಿದವನಿಗೆ ಇಪ್ಪತ್ತೈದು ದಾಟಿದ ಮೇಲೆ ಕಾಲಿಗೆ ತೊಗಲು ಕಟ್ಟಿ ಆಡು ಎಂದರೆ ಅದೂ ಒಂದು ಪರದೇಶವೇ. ಖಾನರು 1954ರಲ್ಲಿ ತಂಡದ ನಾಯಕರಾದರು. 1959ರ ವರೆಗೆ ಅಲ್ಲಿಯೇ ಆಡಿದರು. ಹತ್ತು ವರ್ಷ!

ಈಗ ಇದೇ ಕಲ್ಕತ್ತೆಗೆ ನಿಜವಾಗಿಯೂ ಹೊರದೇಶದಿಂದ ಬಂದ ಇಬ್ಬರ ಮಾತು. ಮಜೀದ್ ಬಿಷ್ಕರ್ ಮತ್ತು ಜಮ್ಶೀದ್ ನಾಸಿರಿ ಇಬ್ಬರೂ ಇರಾನಿನವರು. ಮಜೀದರು 1978ರ ವಿಶ್ವಕಪ್ಪಿಗೆ ಹೋದ ಇರಾನ್ ತಂಡದಲ್ಲಿದ್ದವರು. ಅಲೀಗಢದ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದ ಇವರಿಬ್ಬರನ್ನು 1980ರಲ್ಲಿ ಅದೇ ಈಸ್ಟ್ ಬೆಂಗಾಲ್ ಕರೆಸಿಕೊಂಡಿತು. ಆ ವರ್ಷ ತಂಡದ ಹೆಸರಾಂತ ಆಟಗಾರರು ಅನೇಕರು ಬಿಟ್ಟುಹೋಗಿ ಮನೆ ಬರಿದಾಗಿತ್ತು; ಈ ಹುಡುಗರು ಅದನ್ನು ತುಂಬಿದರು. ಮಜೀದರಂಥ ಪರದೇಶಿ ಆಟಗಾರ ಆ ಮೈದಾನಕ್ಕೆ ಮತ್ತೆ ಬಂದಿಲ್ಲವೆಂದು ಈಗಲೂ ವಾದಿಸುವ ಹಿರಿಯರು ಅಲ್ಲಿದ್ದಾರೆ. ಆದರೆ ಕೆಲವೇ ವರ್ಷಗಳಲ್ಲಿ ಮೈದಾನದ ಹೊರಗೆ ಅವರ ಬದುಕು ದಾರಿ ತಪ್ಪಿತು. ಪತ್ರಿಕೆಗಳು ಬರೆದ ವಿವರಗಳನ್ನು ಇಲ್ಲಿ ಎತ್ತುವುದು ಬೇಡ. ಆಟ ಸೊರಗಿತು, ಸದ್ದಿಲ್ಲದೆ ಸ್ವದೇಶಕ್ಕೆ ಮರಳಿದರು. ತಂಡದ ಶತಮಾನೋತ್ಸವಕ್ಕೆಂದು 2019ರಲ್ಲಿ ಅವರನ್ನು ಕರೆಸಿದಾಗ ವಿಮಾನ ನಿಲ್ದಾಣದಲ್ಲೇ ಜನ ಮುತ್ತಿಕೊಂಡರು. ಆ ಪ್ರೀತಿ ಸುಳ್ಳಲ್ಲ. ಆದರೆ ಅವರು ಬಿದ್ದ ಕಾಲದಲ್ಲಿ ಅದು ಎಲ್ಲಿತ್ತೆಂದು ನಾವು ಕೇಳಿಕೊಳ್ಳದೆ ಇರಲಾರೆವು.

ಜೊತೆಯಲ್ಲಿ ಬಂದ ಜಮ್ಶೀದರು ಕಲ್ಕತ್ತೆಯಲ್ಲೇ ಮದುವೆಯಾಗಿ ಸಂಸಾರ ಹೂಡಿದರು. ಅವರ ಮಗ ಕಿಯಾನ್ ನಾಸಿರಿ 2022ರ ಜನವರಿ 29ರಂದು ಮೋಹನ್ ಬಾಗಾನ್ ಕಡೆಯಿಂದ ಆಡಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ. ಹೊಡೆಸಿಕೊಂಡವರು ಯಾರೆಂದಿರಿ, ಅಪ್ಪನನ್ನು ಕರೆತಂದ ಈಸ್ಟ್ ಬೆಂಗಾಲಿನವರೇ! ಒಂದೇ ದೇಶದಿಂದ, ಒಂದೇ ಕಾಲೇಜಿನಿಂದ, ಒಂದೇ ವರ್ಷ ಒಂದೇ ತಂಡಕ್ಕೆ ಬಂದ ಇಬ್ಬರು. ಆಟದಲ್ಲಿ ಒಂದು ಕೈ ಮೇಲಾದವರೇ ಕಳೆದುಹೋದರು. ಪಂದ್ಯವೆಂಬುದು ಒಂದೂವರೆ ಗಂಟೆಯದು. ದಿನದಲ್ಲಿ ಇನ್ನೂ ಇಪ್ಪತ್ತೆರಡೂವರೆ ಗಂಟೆ ಉಳಿಯುತ್ತದೆ. ಹೊಸಬನು ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಅಲ್ಲಿಯೇ ಎಂದು ನಮ್ಮ ನಂಬಿಕೆ.

ನಮ್ಮವರು ಹೊರಗೆ ಹೋದ ಕಥೆಗಳೂ ಇವೆ. ಸುನಿಲ್ ಛೆಟ್ರಿಯವರು 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೂ 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ತಂಡಕ್ಕೂ ಹೋದರು. ಎರಡು ಕಡೆಯೂ ಆಡಲು ಸಿಕ್ಕಿದ್ದು ಅತ್ಯಲ್ಪ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದಾಗ ಅಲ್ಲಿಗೆ ಬಂದು ಮೊದಲ ವರ್ಷವೇ ಐ-ಲೀಗನ್ನು ಗೆದ್ದುಕೊಟ್ಟರು. ಗೋಲುಗಾವಲಿನ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ತಂಡ ಸೇರಿ, ಲೀಗಿನ ಮೊದಲ ಪಂದ್ಯಕ್ಕೆ 2016ರ ವರೆಗೆ ಬೆಂಚಿನ ಮೇಲೆ ಕಾದರು. ಆಮೇಲೆ ಅವರೂ ಬೆಂಗಳೂರಿಗೆ ಬಂದರು. ಆ ಹಿಮದ ಊರಿನಲ್ಲಿ ದಿನವೂ ಅಭ್ಯಾಸಕ್ಕೆ ಹೋಗಿ, ಭಾನುವಾರ ಬೇರೊಬ್ಬನು ಗೋಲಿನಲ್ಲಿ ನಿಲ್ಲುವುದನ್ನು ನೋಡುತ್ತ ಕೂಡುವುದೆಂದರೆ ಏನೆಂದು ಟ್ರೇನಿ ಹುಡುಗರಿಗೆ ನಾವು ವಿವರಿಸಬೇಕಾಗಿಲ್ಲ.

ಚಾಕಣ ನಮ್ಮ ಊರೇನೂ ಅಲ್ಲ. ಈರುಳ್ಳಿ ಪೇಟೆಯೂ ಸಂಗ್ರಾಮದುರ್ಗವೂ ಇದ್ದ ಈ ಊರಿಗೆ ಕಾರಖಾನೆಗಳು ಬಂದುವು; ಅವುಗಳ ಹಿಂದೆ ಕಲಬುರಗಿ, ಬೀದರ, ವಿಜಯಪುರ, ಬೆಳಗಾವಿಗಳಿಂದ ನಾವು ಬಂದೆವು. ನಾವು ಮೊದಲು ಬಂದಾಗ ಒಬ್ಬ ಮರಾಠಿ ಅಜ್ಜಿ ಹದಿನೈದು ದಿನ ತಮ್ಮ ಓಸರಿಯಲ್ಲಿ ಮಲಗಗೊಟ್ಟರು. "ಜೇವಲಾಸ್ ಕಾ" ಎಂದು ಕೇಳದ ರಾತ್ರಿ ಇಲ್ಲ. ನಾವು ಕಲಿತ ಮೊದಲ ಮರಾಠಿ ಅದು, ಊಟವಾಯಿತೆ ಎಂಬುದು. ಅದನ್ನು ಇನ್ನೊಬ್ಬ ಹುಡುಗನಿಗೆ ಕನ್ನಡದಲ್ಲಿ ಕೇಳಲು ನಮಗೆ ನಲವತ್ತೊಂದು ದಿನ ಸಾಲದೆ ಹೋಯಿತು.

ಕಾರ್ಯದರ್ಶಿಗಳು ಎರಡು ಸೂಚನೆಗಳನ್ನು ಓದಿಹೇಳಲು ಚೀಟಿ ಕೊಟ್ಟಿದ್ದಾರೆ. ಮೈದಾನದಲ್ಲಿ ಕೂಗುವ ಹದಿನೈದು ಮರಾಠಿ ಮಾತುಗಳನ್ನು ಕನ್ನಡದ ಅರ್ಥದೊಡನೆ ಬರೆದು ಹಲಗೆಗೆ ಅಂಟಿಸಿದೆ. ನಮ್ಮ ತಂಡದ ಮರಾಠಿ ಹುಡುಗರೇ ಬರೆದುಕೊಟ್ಟರು, ಮತ್ತು ಅವುಗಳ ಕನ್ನಡವನ್ನು ತಾವೂ ಬರೆದುಕೊಂಡು ಹೋದರು. ಎರಡನೆಯದು, ಬರುವ ಭಾನುವಾರ ಬೆಳಗ್ಗೆ ಸಿಂದಗಿಯ ಕಡೆಯಿಂದ ಇಬ್ಬರು ಹುಡುಗರು ಪುಣೆಯಲ್ಲಿ ಬಸ್ಸು ಬದಲಿಸಿ ಇಲ್ಲಿಯ ತಳೇಗಾಂವ್ ಚೌಕದಲ್ಲಿ ಇಳಿಯುತ್ತಾರೆ. ಪೆಟ್ಟಿಗೆ ಹಾಸಿಗೆ ಇರುತ್ತದೆ. ಮೋಟಾರು ಸೈಕಲ್ಲು ಇರುವ ಇಬ್ಬರು ಬೇಕಾಗಿದ್ದಾರೆ. ಒಂದರ ಹೊಣೆಯನ್ನು ನಾವು ಹೊತ್ತಿದ್ದೇವೆ. ಇನ್ನೊಬ್ಬರು ಹೋಗುವ ಮೊದಲು ವಹಿಯಲ್ಲಿ ಹೆಸರು ಬರೆಯಬೇಕು.